ಗೋವಿನ ಹಾಡು ಮತ್ತು ನಮ್ಮ ಗೋಶಾಲೆಗಳು

‘ಗೋವಿನ ಹಾಡ’ನ್ನು ತಾವೆಲ್ಲರೂ ಬಾಲ್ಯದಲ್ಲಿ ಕಂಠಪಾಠ ಮಾಡಿದವರೇ. ಅದು ಸತ್ಯನಿಷ್ಠೆಯ ಕಾವ್ಯವೆಂದು ನಮ್ಮ ಗುರುಗಳು ಬೋಧಿಸಿದರು. ನಾವೂ ಹಾಗೆಯೇ ಬೋಧಿಸುತ್ತ ಬಂದೆವು. ಈ ಅರ್ಥ ತಪ್ಪಲ್ಲ, ಅಪೂರ್ಣ. ದೇಶೀಯ ತಳಿಗಳ ರಕ್ಷಣೆಗೆಂದು ಗೋಶಾಲೆಗಳು ಏಳುತ್ತಿರುವ, 2022ರಲ್ಲಿ ಸರ್ಕಾರವೇ ‘ಪುಣ್ಯಕೋಟಿ ದತ್ತು ಯೋಜನೆ’ ಎಂಬ ಹೆಸರನ್ನು ಆ ಹಾಡಿನಿಂದ ಎತ್ತಿಕೊಂಡ ಈ ಕಾಲದಲ್ಲಿ ಅದನ್ನು ಮತ್ತೊಮ್ಮೆ ಓದುವುದು ಉಚಿತ.

ಹಾಡು ಆರಂಭವಾಗುವುದು ಪುಣ್ಯಕೋಟಿಯಿಂದಲ್ಲ, ಹುಲಿಯಿಂದಲೂ ಅಲ್ಲ, ಕಾಳಿಂಗನೆಂಬ ಗೊಲ್ಲನಿಂದ. ಆತ ಮರದಡಿ ಕುಳಿತು ಕೊಳಲೂದುತ್ತಾನೆ, ಒಂದೊಂದು ಹಸುವನ್ನೂ ನದಿ ದೇವಿಯರ ಹೆಸರಿಟ್ಟು ಕರೆಯುತ್ತಾನೆ. ಹಸುಗಳು ಮೇಯುವ ಬಯಲಿದೆ, ಕರೆದರೆ ಓಗೊಡುವ ಬಳಕೆಯಿದೆ. ಮುಂದೆ ವ್ಯಾಘ್ರನ ಬಳಿಗೆ ಹೊರಟ ಪುಣ್ಯಕೋಟಿ ತನ್ನ ಕಂದನನ್ನು ಒಪ್ಪಿಸುವುದು ಯಾರಿಗೆ? ಯಾವ ದಾನಿಗೂ ಅಲ್ಲ. ಒಡಹುಟ್ಟಿದವರೆಂದು ಬಗೆದ ಹಿಂಡಿನ ಹಸುಗಳಿಗೆ. ವಿಮರ್ಶಕರು ಈ ಭಾಗವನ್ನು ಕರುಣರಸಕ್ಕೆ ಉದಾಹರಣೆಯೆಂದು ಹೇಳಿ ಮುಂದೆ ಸಾಗುತ್ತಾರೆ. ನಮಗಾದರೋ ಗೋರಕ್ಷಣೆಯ ಲಕ್ಷಣವೇ ಇಲ್ಲಿ ಕಾಣುತ್ತದೆ: ಬಯಲು, ಗೋಪಾಲಕ, ಹಿಂಡು.

ಇದು ಪಶುಪಾಲನಾಶಾಸ್ತ್ರವಲ್ಲ, ಕಾವ್ಯ ಎಂದು ತಾವು ಆಕ್ಷೇಪಿಸಬಹುದು. ನಿಜ; ಪಶ್ಚಾತ್ತಾಪದಿಂದ ಪ್ರಾಣ ಬಿಡುವ ಹುಲಿ ಯಾವ ಕಾಡಿನಲ್ಲೂ ಇಲ್ಲ. ಆದರೆ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಗೋಧ್ಯಕ್ಷ ಪ್ರಕರಣದಲ್ಲಿ ನಿರುಪಯುಕ್ತವಾದ, ತ್ಯಜಿಸಲ್ಪಟ್ಟ ಪಶುಗಳಿಗೂ ಪ್ರತ್ಯೇಕ ಹಿಂಡಿದೆ. ಅದನ್ನೂ ಗೋಪಾಲಕರೇ ಪಾಲಿಸಬೇಕು, ಲೆಕ್ಕವಿರಬೇಕು. ಶರಣರಲ್ಲಿ ತುರುಗಾಹಿ ರಾಮಣ್ಣನವರ ಕಾಯಕವೇ ದನ ಕಾಯುವುದು. ಹಸುಗಳ ಬಣ್ಣಗಳಿಂದಲೇ ಅವರು ಅನುಭಾವವನ್ನು ನುಡಿದರು. ದಿನವೂ ಹಿಂಡಿನ ಹಿಂದೆ ನಡೆಯದವನಿಗೆ ಆ ಮಾತು ಬರುವಂತಿಲ್ಲ.

ನಮ್ಮ ನಾಡಿನ ನಿದರ್ಶನ ಇನ್ನೂ ಸ್ಪಷ್ಟ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಆಯಿತು. ಬೇಸಿಗೆ, ಮಳೆ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಹಿಂಡು ಋತುವಿಗೆ ತಕ್ಕಂತೆ ನಡೆಯುತ್ತಿತ್ತು. 1860ರಲ್ಲಿ ಮಿತವ್ಯಯದ ನೆಪದಿಂದ ಹಿಂಡನ್ನು ಮಾರಿದ ಆಂಗ್ಲರು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ತಳಿ ಅಜ್ಜಂಪುರದಲ್ಲಿ ಇಂದಿಗೂ ಉಳಿದಿದೆ, ಆದರೆ ಕಾವಲುಗಳ ಬಹುಭಾಗ ಕೈಬಿಟ್ಟಿದೆ. ಚಳ್ಳಕೆರೆಯ ಸೀಮೆಯಲ್ಲಿ ಸಾವಿರಾರು ಎಕರೆ ಕಾವಲು ಸಂಶೋಧನಾ ಸಂಸ್ಥೆಗಳ ಪಾಲಾದುದನ್ನು ತಾವು ಬಲ್ಲಿರಿ.

ಈಗಿನ ಗೋಶಾಲೆಯನ್ನು ನೋಡಿರಿ. ತಗಡಿನ ಮಾಡು, ಕೊರಳಿಗೆ ಹಗ್ಗ, ಕೊಂಡುತಂದ ಒಣಹುಲ್ಲು, ಗೋಡೆಯ ಮೇಲೆ ದಾನಿಗಳ ನಾಮಫಲಕ. (ಫಲಕದ ಅಳತೆ ಕೇಳುವವರುಂಟು, ಮೇಯಲು ಎಷ್ಟು ಎಕರೆ ಎಂದು ಕೇಳಿದವರನ್ನು ನಾವು ಕಂಡಿಲ್ಲ.) ಹೋರಿಗರುವಿನ ಮಾತಂತೂ ಯಾರೂ ಎತ್ತುವುದಿಲ್ಲ. ಅಮೃತಮಹಲ್, ಹಳ್ಳಿಕಾರ್, ಖಿಲಾರಿ ಇವೆಲ್ಲ ದುಡಿಮೆಯ ತಳಿಗಳು. ಹಾಲಿನಿಂದಲ್ಲ, ಎತ್ತಿನಿಂದ ಬದುಕಿದವು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿಗೆ ಕೆಲಸ ತಪ್ಪಿತು. ಮುದಿ ಹಸುವಿಗೆ ನೆರಳು ಕೊಡುವುದು ಪುಣ್ಯಕಾರ್ಯವೇ. ಅದರಿಂದ ತಳಿ ಉಳಿಯದು. ಎತ್ತಿಗೆ ನೇಗಿಲು, ಗಾಣ, ಗಾಡಿಯ ಕೆಲಸವನ್ನು ಮತ್ತೆ ಒದಗಿಸದ ಗೋಶಾಲೆ ವೃದ್ಧಾಶ್ರಮ ಮಾತ್ರ.

ಮಠಕ್ಕೆ ಗೋದಾನ ಮಾಡುವ ಸಂಕಲ್ಪವುಳ್ಳ ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ: ಹಸುವನ್ನು ಕಳುಹಿಸುವ ಮೊದಲು ಹುಲ್ಲುಗಾವಲಿಗೆಂದು ಒಂದು ತುಂಡು ನೆಲವನ್ನೋ, ದನಗಾಹಿಯೊಬ್ಬನ ವರ್ಷದ ಸಂಬಳವನ್ನೋ ಕೊಡಿರಿ. ಫಲಕದಲ್ಲಿ ಆ ದನಗಾಹಿಯ ಹೆಸರನ್ನೇ ಬರೆಯಿಸೋಣ.