ಅನ್ಯ ಪರಮಾಣುವಿನ ಲೆಕ್ಕ: ಕಬ್ಬಿಣದ ಅತಿವಾಹಕಗಳ ನಿರೂಪಣೆಯನ್ನು ಕುರಿತು ಒಂದು ವಿಮರ್ಶೆ

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಹೆಸರು ತೆಂಗಿನ ಸೀಮೆಯ ಹೊರಗೂ ಪರಿಚಿತವಾದುದು ಅಲ್ಲಿಯ ಸಿಮೆಂಟ್ ಕಾರ್ಖಾನೆಯಿಂದ. ಅದನ್ನು ಕಟ್ಟಿದ ಮೈಸೂರು ಸಿಮೆಂಟ್ಸ್ ಸಂಸ್ಥೆ 1958ರಲ್ಲಿ ಸ್ಥಾಪಿತವಾಯಿತು. ಸಿಮೆಂಟಿನ ರಸಾಯನಶಾಸ್ತ್ರದಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ಒದಗುವ ಪಾಠವೊಂದುಂಟು. ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟಾಗ ದೊರೆಯುವ ಕ್ಲಿಂಕರಿನ ಮುಖ್ಯಾಂಶಗಳಲ್ಲಿ ಡೈಕ್ಯಾಲ್ಸಿಯಂ ಸಿಲಿಕೇಟು ಒಂದು. ಇದು ಶುದ್ಧವಾಗಿದ್ದು ನಿಧಾನವಾಗಿ ತಣಿದರೆ, ಸ್ಫಟಿಕರಚನೆ ಬದಲಾಗಿ, ಗಾತ್ರ ನೂರಕ್ಕೆ ಹತ್ತಕ್ಕೂ ಮೀರಿ ಹಿಗ್ಗಿ, ತಾನಾಗಿಯೇ ಪುಡಿಯಾಗುತ್ತದೆ. ಆ ಪುಡಿಗೆ ನೀರಿನೊಡನೆ ಗಟ್ಟಿಯಾಗುವ ಗುಣ ಇಲ್ಲವೆಂದೇ ಹೇಳಬೇಕು. ಕಚ್ಚಾ ಸಾಮಗ್ರಿಯೊಡನೆ ಬಂದ ಅನ್ಯ ಅಯಾನುಗಳು ಸ್ಫಟಿಕದೊಳಗೆ ಅಲ್ಪ ಪ್ರಮಾಣದಲ್ಲಿ ನೆಲೆಸಿ ಈ ಬದಲಾವಣೆಯನ್ನು ತಡೆಯುತ್ತವೆ. ನಾವು ಕಲ್ಮಶವೆಂದು ಕರೆಯುವುದೇ ಇಲ್ಲಿ ಪದಾರ್ಥವನ್ನು ಉಳಿಸುತ್ತದೆ.

ಕಬ್ಬಿಣದ ಅತಿವಾಹಕಗಳನ್ನು ತರಗತಿಗಳಲ್ಲಿ ನಿರೂಪಿಸುವ ರೂಢಿಯ ಕ್ರಮ ಈ ಪಾಠವನ್ನು ಮರೆತಂತೆ ತೋರುತ್ತದೆ. ಆ ಕ್ರಮ ಹೀಗಿದೆ: ಮೂಲಸಂಯುಕ್ತವು ಪ್ರತಿಅಯಸ್ಕಾಂತೀಯ, ಅನ್ಯ ಪರಮಾಣುಗಳನ್ನು ಸೇರಿಸಿದರೆ ಎಲೆಕ್ಟ್ರಾನುಗಳು ಹೆಚ್ಚುತ್ತವೆ ಅಥವಾ ಕಡಮೆಯಾಗುತ್ತವೆ, ಅಯಸ್ಕಾಂತೀಯ ಕ್ರಮ ಅಳಿದು ಅತಿವಾಹಕತೆ ತಲೆದೋರುತ್ತದೆ. ಇದಕ್ಕೆ ಡೋಪಿಂಗ್ ಎಂದು ಹೆಸರು. ಇದರಿಂದ ಉಂಟಾಗುವ ಅವ್ಯವಸ್ಥೆ ಕೇವಲ ಉಪದ್ರವ. 2008ರಲ್ಲಿ ಜಪಾನಿನ ಹೊಸೋನೊ ಅವರ ತಂಡ ಲ್ಯಾಂಥನಂ, ಕಬ್ಬಿಣ, ಆರ್ಸೆನಿಕ್, ಆಮ್ಲಜನಕಗಳ ಸಂಯುಕ್ತದಲ್ಲಿ ಆಮ್ಲಜನಕದ ಒಂದಂಶವನ್ನು ತೆಗೆದು ಫ್ಲೂರಿನನ್ನಿಟ್ಟು 26 ಕೆಲ್ವಿನ್‌ನಲ್ಲಿ ಅತಿವಾಹಕತೆಯನ್ನು ಕಂಡಿತು. ಆ ಒಂದು ನಿದರ್ಶನಕ್ಕೆ ಈ ನಿರೂಪಣೆ ಒಪ್ಪುತ್ತದೆಂಬುದು ನಿಜ. ಎಲ್ಲ ನಿದರ್ಶನಗಳಿಗೂ ಒಪ್ಪುವುದೇ ಎಂಬುದು ಪ್ರಶ್ನೆ.

ಬೇರಿಯಂ, ಕಬ್ಬಿಣ, ಆರ್ಸೆನಿಕ್‌ಗಳ ಸಂಯುಕ್ತವನ್ನೇ ಪರೀಕ್ಷೆಗೆ ತೆಗೆದುಕೊಳ್ಳೋಣ. ಬೇರಿಯಂ ಸ್ಥಾನದ ನೂರಕ್ಕೆ ಸುಮಾರು ನಲವತ್ತರಲ್ಲಿ ಪೊಟ್ಯಾಸಿಯಂ ಇಟ್ಟರೆ ಎಲೆಕ್ಟ್ರಾನುಗಳು ಕಡಮೆಯಾಗಿ 38 ಕೆಲ್ವಿನ್‌ನಲ್ಲಿ ಅತಿವಾಹಕತೆ ಬರುತ್ತದೆ. ಕಬ್ಬಿಣದ ಸ್ಥಾನಕ್ಕೆ ಅಲ್ಪ ಕೋಬಾಲ್ಟ್ ಸೇರಿಸಿದರೆ ಎಲೆಕ್ಟ್ರಾನುಗಳು ಹೆಚ್ಚುತ್ತವೆ. ಆಗ ಸುಮಾರು 22 ಕೆಲ್ವಿನ್. ಇಷ್ಟರವರೆಗೆ ಲೆಕ್ಕ ಸರಿಯೆನಿಸಬಹುದು. ಆದರೆ ಆರ್ಸೆನಿಕ್‌ನ ಮೂರನೆಯ ಒಂದಂಶದಷ್ಟು ಸ್ಥಾನದಲ್ಲಿ ರಂಜಕವನ್ನಿಟ್ಟಾಗಲೂ ಸುಮಾರು 30 ಕೆಲ್ವಿನ್‌ನ ಅತಿವಾಹಕತೆ ದೊರೆಯುತ್ತದೆ. ರಂಜಕ, ಆರ್ಸೆನಿಕ್ ಎರಡೂ ಒಂದೇ ಗಣದವು. ಎಲೆಕ್ಟ್ರಾನುಗಳ ಸಂಖ್ಯೆಯಲ್ಲಿ ಹೆಚ್ಚುಕಡಮೆಯಿಲ್ಲ. ಚಿಕ್ಕದಾದ ರಂಜಕ ಪರಮಾಣು ಕಬ್ಬಿಣದ ಸುತ್ತಣ ಬಂಧಗಳ ಉದ್ದವನ್ನೂ ಕೋನಗಳನ್ನೂ ಬದಲಿಸುತ್ತದೆ, ಅಷ್ಟೆ. ಏನನ್ನೂ ಸೇರಿಸದೆ ಕೇವಲ ಒತ್ತಡ ಹಾಕಿದರೂ ಇದೇ ಸಂಯುಕ್ತ ಅತಿವಾಹಕವಾಗುತ್ತದೆ. ಇದಕ್ಕಿಂತ ಬಲವಾದ ಪ್ರತಿನಿದರ್ಶನ ಮ್ಯಾಂಗನೀಸಿನದು. ಅದರಲ್ಲಿ ಕಬ್ಬಿಣಕ್ಕಿಂತ ಒಂದು ಎಲೆಕ್ಟ್ರಾನು ಕಡಮೆ. ಲೆಕ್ಕದ ಪ್ರಕಾರ ಪೊಟ್ಯಾಸಿಯಂ ಮಾಡಿದ ಕೆಲಸವನ್ನೇ ಅದು ಮಾಡಬೇಕಾಗಿತ್ತು. ಆದರೆ ಕಬ್ಬಿಣದ ಸ್ಥಾನದಲ್ಲಿ ಮ್ಯಾಂಗನೀಸನ್ನಿಟ್ಟರೆ ಅತಿವಾಹಕತೆ ಬರುವುದೇ ಇಲ್ಲ. ಅದರ ಅಯಸ್ಕಾಂತೀಯ ಗುಣ ತನ್ನ ನೆಲೆಯಲ್ಲೇ ಗಟ್ಟಿಯಾಗಿ ನಿಂತು ಸುತ್ತಣ ಎಲೆಕ್ಟ್ರಾನು ಜೋಡಿಗಳನ್ನು ಒಡೆಯುತ್ತದೆ.

ಆದುದರಿಂದ ಅನ್ಯ ಪರಮಾಣುವಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದಲ್ಲ, ಮೂರು: ಅದು ಯಾವ ಸ್ಥಾನದಲ್ಲಿ ಕುಳಿತಿತು? ಎಷ್ಟು ವಿದ್ಯುದಂಶವನ್ನು ತಂದಿತು? ಸುತ್ತಣ ರಚನೆಯನ್ನೂ ಎಲೆಕ್ಟ್ರಾನುಗಳ ಹಾದಿಯನ್ನೂ ಎಷ್ಟು ಕದಡಿತು? ಇವನ್ನೆಲ್ಲ ನಕ್ಷೆಯ ಅಡಿರೇಖೆಯ ಮೇಲಿನ ಒಂದೇ ಸಂಖ್ಯೆಯಲ್ಲಿ ಅಡಗಿಸಿದರೆ ವಿದ್ಯಾರ್ಥಿ ಕಾರಣವನ್ನೂ ಪರಿಣಾಮವನ್ನೂ ಬೇರ್ಪಡಿಸಲಾರನು.

ಅವ್ಯವಸ್ಥೆ ಕೇವಲ ಉಪದ್ರವವೆಂಬ ಮಾತೂ ಪರಿಶೀಲನೆಗೆ ಅರ್ಹವಾಗಿದೆ. ಸಾಮಾನ್ಯ ಅತಿವಾಹಕಗಳಲ್ಲಿ ಅಯಸ್ಕಾಂತೀಯವಲ್ಲದ ಕಲ್ಮಶಗಳು ಸಂಕ್ರಮಣೋಷ್ಣತೆಯನ್ನು ಹೆಚ್ಚಾಗಿ ಬಾಧಿಸವೆಂದು ಆಂಡರ್ಸನ್ 1959ರಲ್ಲಿಯೇ ತೋರಿಸಿದ್ದರು. ಕಬ್ಬಿಣದ ಅತಿವಾಹಕಗಳಲ್ಲಿ ಎಲೆಕ್ಟ್ರಾನುಗಳು ಹಲವು ಗುಂಪುಗಳಾಗಿದ್ದು, ಗುಂಪಿನಿಂದ ಗುಂಪಿಗೆ ಜೋಡಿಯ ಚಿಹ್ನೆ ಧನದಿಂದ ಋಣಕ್ಕೆ ತಿರುಗುತ್ತದೆಂಬ ವಾದ 2008ರಲ್ಲಿ ಹುಟ್ಟಿತು. ಹಾಗಾದರೆ ಗುಂಪುಗಳ ನಡುವೆ ಎಲೆಕ್ಟ್ರಾನುಗಳನ್ನು ಚದರಿಸುವ ಯಾವ ಕಲ್ಮಶವಾದರೂ ಮಾರಕವಾಗಬೇಕು. ಆದರೆ ಕೋಬಾಲ್ಟ್ ಕಬ್ಬಿಣದ ಪದರದಲ್ಲಿಯೇ ಕುಳಿತರೂ ಅತಿವಾಹಕತೆ ಬಾಳುತ್ತದೆ. ಚದರಿಕೆ ಬಹುಪಾಲು ಒಂದೊಂದು ಗುಂಪಿನೊಳಗೇ ನಡೆದರೆ ಇದು ಸಾಧ್ಯ. ಈ ತೊಡಕನ್ನು ಬಿಡಿಸಲು ಸಂಶೋಧಕರು ಅನ್ಯ ಪರಮಾಣುವನ್ನೇ ಕೈಬಿಟ್ಟು, ವೇಗದ ಎಲೆಕ್ಟ್ರಾನುಗಳಿಂದ ಸ್ಫಟಿಕವನ್ನು ಹೊಡೆದು, ರಾಸಾಯನಿಕ ಸಂಯೋಜನೆಯನ್ನು ಬದಲಿಸದೆ ಬಿಂದುದೋಷಗಳನ್ನಷ್ಟೇ ಉಂಟುಮಾಡಿದರು. 2014ರಲ್ಲಿ ಪ್ರಕಟವಾದ ಇಂಥ ಒಂದು ಪ್ರಯೋಗದಲ್ಲಿ, ರಂಜಕ ಬೆರೆತ ಮೇಲಿನ ಸಂಯುಕ್ತದ ಶಕ್ತಿಯಂತರದಲ್ಲಿದ್ದ ಶೂನ್ಯಸ್ಥಾನಗಳು ದೋಷಗಳು ಹೆಚ್ಚಿದಂತೆ ಮಾಯವಾದುವು. ಆ ಶೂನ್ಯಗಳು ಸ್ಫಟಿಕದ ಸಮಮಿತಿ ಕಡ್ಡಾಯಗೊಳಿಸಿದುವಲ್ಲ, ಆಕಸ್ಮಿಕವಾದುವು ಎಂದು ಇದರಿಂದ ತಿಳಿದುಬಂದಿತು. ಉಪದ್ರವವೆನಿಸಿದ್ದ ಅವ್ಯವಸ್ಥೆ ಹೀಗೆ ಪರೀಕ್ಷಾಸಾಧನವಾಯಿತು.

ರೂಢಿಯ ನಿರೂಪಣೆಯಲ್ಲಿ ಸತ್ಯಾಂಶವೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಮೊದಲ ಪರಿಚಯಕ್ಕೆ ಅದು ಅನುಕೂಲವೇ ಸರಿ. ಆದರೆ ಅನುಕೂಲಕ್ಕಾಗಿ ಹಿಡಿದ ಸರಳತೆಯನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಸಿದ್ಧಾಂತವೆಂದು ಒಪ್ಪಿಕೊಳ್ಳುವುದು ತಪ್ಪು. ಭೌತಶಾಸ್ತ್ರದ ಅಧ್ಯಾಪಕರು ಕೋಬಾಲ್ಟಿನ ನಿದರ್ಶನದ ಜೊತೆಗೆ ರಂಜಕ, ಮ್ಯಾಂಗನೀಸುಗಳ ನಿದರ್ಶನಗಳನ್ನೂ ಮುಂದಿಡಲಿ. ಡೋಪಿಂಗ್ ಎಂಬುದಕ್ಕೆ ಕಲಬೆರಕೆ ಎಂದು ಬರೆಯುವವರು ಆ ಮಾತಿನಲ್ಲಿ ಮೋಸದ ಧ್ವನಿಯಿದೆಯೆಂಬುದನ್ನು ಗಮನಿಸಲಿ. ಉದ್ದೇಶಪೂರ್ವಕವಾಗಿ, ಅಳತೆಯಿಂದ ಮಾಡಿದ ಕಾರ್ಯಕ್ಕೆ ಪರಮಾಣು ಬದಲಿಕೆ ಎಂಬ ಸರಳವಾದ ಮಾತೇ ಮೇಲು. ರಸಾಯನಶಾಸ್ತ್ರದ ಸಹೋದ್ಯೋಗಿಗಳು ಕ್ಲಿಂಕರಿನ ಪಾಠ ಹೇಳುವಾಗ ಇದೇ ಮೂರು ಪ್ರಶ್ನೆಗಳನ್ನು ಕೇಳಿದರೆ, ಎರಡು ವಿಭಾಗಗಳ ವಿದ್ಯಾರ್ಥಿಗಳಿಗೂ ಲಾಭವುಂಟು.