ಸಾರಥಿ ಇಲ್ಲದ ಆಟ

ನನ್ನ ಮುಂದೆ ಒಂದೇ ಬಯಲಾಟದ ಎರಡು ಪಾಠಗಳಿವೆ. ಎರಡೂ ನಮ್ಮ ಕಕ್ಕೇರಾದಲ್ಲಿ ಆಡಿದ ‘ದ್ರೌಪದಿ ವಸ್ತ್ರಾಪಹರಣ’. ಒಂದು ಮೂರು ವಿಸಿಡಿಗಳಲ್ಲಿದೆ, ಇನ್ನೊಂದು ಕೆಲ ವರ್ಷ ಬಿಟ್ಟು ಮಾಡಿಸಿದ ಎರಡು ಡಿವಿಡಿಗಳಲ್ಲಿ. ಊರವರಿಗೆ ಎರಡೂ ‘ಸಿಡಿ’ಯೇ. ಆದರೆ ವಿಮರ್ಶಕನಿಗೆ ಇವು ಬೇರೆ ಬೇರೆ ಕೃತಿಗಳು.

ವಿಸಿಡಿ 1993ರಲ್ಲಿ ರೂಪುಗೊಂಡ ಮಾದರಿ. ಒಂದು ತಟ್ಟೆಗೆ ಸುಮಾರು 74 ನಿಮಿಷ. ಮೂರು ಸೇರಿದರೂ ನಾಲ್ಕು ತಾಸು ತುಂಬದು. ರಾತ್ರಿ ಗಣಸ್ತುತಿಯಿಂದ ಹಿಡಿದು ಬೆಳಗಿನ ಮಂಗಳದವರೆಗೆ ನಡೆಯುವ ಆಟದಲ್ಲಿ ಅರ್ಧ ಬಿಡಲೇಬೇಕು. ಸ್ಟುಡಿಯೋದವರು ಬಿಟ್ಟದ್ದು ಸಾರಥಿಯನ್ನು. ರಂಗಕ್ಕೆ ಬಂದ ರಾಜನನ್ನು ತಡೆದು ‘ನೀವು ಯಾರು’ ಎಂದು ಕೇಳುವವನು, ನಗಿಸುವವನು, ದೊರೆಯ ಜಂಬಕ್ಕೆ ಊರಿನ ಬಾಯಿಂದ ಉತ್ತರ ಕೊಡುವವನು ಅವನೇ. ಅವನಿಲ್ಲದ ಆಟ ಬರೀ ಪುರಾಣ. ಸಾರಥಿಯ ಪಾತ್ರ ಮಾಡಿದ್ದ ಕಾಕಾ ಅದನ್ನು ನೋಡಿ, ‘ಆಟ ಎಲ್ಲಾ ಅದ ತಮ್ಮಾ, ನಾನೇ ಇಲ್ಲ’ ಅಂದಿದ್ದರು.

ಇನ್ನೊಂದು ನಷ್ಟ ಅಷ್ಟು ಬೇಗ ಕಣ್ಣಿಗೆ ಬೀಳದು. ವಿಸಿಡಿಯ ಚಿತ್ರ 352 ಚುಕ್ಕಿ ಅಗಲ, 288 ಎತ್ತರ. ಅದನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಒತ್ತಿಡುತ್ತಾರೆ. ಚಿತ್ರ ನಿಂತಿರಲಿ, ಕುಣಿಯಲಿ, ಪ್ರತಿ ಕ್ಷಣಕ್ಕೆ ಸಿಗುವ ಪಾಲು ಅಷ್ಟೇ. ಹೀಗಾಗಿ ತಲೆ ತಗ್ಗಿಸಿ ಕೂತ ಧರ್ಮರಾಯ ಸ್ಪಷ್ಟವಾಗಿ ಕಾಣುತ್ತಾನೆ. ಭುಜಕೀರ್ತಿ ಕಟ್ಟಿ ಹಲಗೆ ಅದುರುವಂತೆ ಕುಣಿಯುವ ದುಶ್ಶಾಸನ ಚೌಕ ಚೌಕವಾಗಿ ಕರಗಿಹೋಗುತ್ತಾನೆ. ಇದನ್ನಷ್ಟೇ ನೋಡಿದ ವಿದ್ಯಾರ್ಥಿ ‘ದೊಡ್ಡಾಟ ಮಾತಿನ ಪ್ರಕಾರ, ಕುಣಿತ ಬರೀ ಅಲಂಕಾರ’ ಎಂದು ಬರೆದರೆ ತಪ್ಪು ಯಾರದು?

ಡಿವಿಡಿ ಪಾಠ ಇದಕ್ಕಿಂತ ಎಷ್ಟೋ ಮೇಲು. 4.7 ಗಿಗಾಬೈಟಿನ ತಟ್ಟೆ, 720ಕ್ಕೆ 576 ಚುಕ್ಕಿ. ಕುಣಿತ ಬಂದಾಗ ಹೆಚ್ಚು ಜಾಗ, ಮಾತು ಬಂದಾಗ ಕಡಿಮೆ ಜಾಗ ಕೊಡುವ ಅನುಕೂಲವೂ ಉಂಟು. ಗುಣ ತುಸು ತಗ್ಗಿಸಿ ಇಡೀ ರಾತ್ರಿಯನ್ನು ಎರಡರಲ್ಲಿ ಹಿಡಿಸಿದ್ದಾರೆ. ಸಾರಥಿ ಇದ್ದಾನೆ. ಅವನ ಒಂದು ಕುಚೇಷ್ಟೆಗೆ ಮದ್ದಳೆಯವನೇ ನಕ್ಕು ತಾಳ ತಪ್ಪುವುದೂ ಇದೆ. (ಮೈಕಿನವನು ಪದೇ ಪದೇ ಅಡ್ಡ ಬರುವುದೂ ಇದೆ, ಇರಲಿ.)

ಆದರೆ ಇವು ಕಾರ್ಖಾನೆಯಲ್ಲಿ ಅಚ್ಚು ಒತ್ತಿದ ತಟ್ಟೆಗಳಲ್ಲ, ಕಂಪ್ಯೂಟರಿನಲ್ಲಿ ‘ಬರ್ನ್’ ಮಾಡಿದವು. ಲೇಸರು ಬರೆದದ್ದು ಒಂದು ಬಣ್ಣದ ಪದರದ ಮೇಲೆ. ಬಿಸಿಲಿಗೆ, ಕಾವಿಗೆ ಆ ಬಣ್ಣ ಕೆಡುತ್ತದೆ. ನಮ್ಮ ಸೀಮೆಯ ಬೇಸಿಗೆಯಲ್ಲಿ, ತಗಡಿನ ಸೂರಿನ ಕೆಳಗೆ ಅವು ಎಷ್ಟು ದಿನ ಇದ್ದಾವು? ನನ್ನ ಎರಡನೇ ಡಿವಿಡಿ ನಡುವೆಯೇ ನಿಲ್ಲುತ್ತದೆ. ಟ್ರಂಕಿನಲ್ಲಿ ಬಟ್ಟೆಯ ನಡುವೆ ಇದ್ದ ವಿಸಿಡಿಗಳು ಮಾತ್ರ ಇನ್ನೂ ಓಡುತ್ತವೆ. ಸಂಶೋಧನೆಗೆಂದು ಬಂದವರು ನಕಲು ಮಾಡಿಕೊಂಡು ಹೋದದ್ದೂ ಅವನ್ನೇ.

ಡಿವಿಡಿ ನಿಂತಲ್ಲಿಂದ ಮುಂದಿನ ಮಾತನ್ನು ಈಗ ಕಾಕಾನ ಬಾಯಿಂದ ಬರೆದುಕೊಳ್ಳುತ್ತಿದ್ದೇನೆ. ಕುಣಿತಕ್ಕೆ ಏನು ಮಾಡಬೇಕೋ ತಿಳಿಯದು. ಅವರಿಗೆ ಮೊಣಕಾಲು ನೋವು.