ಮರದ ಲೆಕ್ಕಕ್ಕೆ ಬೆಲೆ ಎಷ್ಟು?

ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಕೊಕ್ಕಡದ ಕಡೆ ಬಂದರೆ ಅಡಿಕೆ, ರಬ್ಬರ್, ಗೇರು. ನಿಮ್ಮಲ್ಲಿ ಎಷ್ಟು ಅಡಿಕೆ ಮರ ಎಂದು ಕೇಳಿ, ತೋಟದವರು ಥಟ್ಟನೆ ಹೇಳುತ್ತಾರೆ. ಆದರೆ ಮನೆಯ ಹಿಂದಿನ ಹೆಬ್ಬಲಸು, ಶಾಲೆಯ ಅಂಗಳದ ಮಾವು, ಬನದ ಹಾಲೆ, ರಸ್ತೆ ಬದಿಯ ಗೋಳಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸೌತಡ್ಕದ ಗಣಪತಿಗೆ ಗುಡಿಯೇ ಇಲ್ಲ, ಬಯಲೇ ಆಲಯ. ಅಂಥ ಕಡೆ ಸುತ್ತಲಿನ ಮರಗಳ ಆರೋಗ್ಯ ನೋಡುವುದು ಬೇರೆಡೆ ಮಾಡು ರಿಪೇರಿ ಮಾಡಿಸಿದಷ್ಟೇ ಮುಖ್ಯ.

ಹೀಗಾಗಿ ಮರಗಣತಿಗೆ ಆ್ಯಪ್ ಮಾಡುತ್ತೇವೆಂದು ನಮ್ಮ ಕಡೆಯ ಹುಡುಗರು ಹೊರಟರೆ ನನಗೆ ಸಂತೋಷ. ಅವರು ಮೊದಲು ಕೇಳುವುದು ಬೆಲೆ ಎಷ್ಟಿಡೋಣ ಎಂದು. ನಾನು ಮೊದಲು ಟೇಪು ಹಿಡಿಯಿರಿ ಅನ್ನುತ್ತೇನೆ.

ಎದೆಮಟ್ಟದ ಸುತ್ತಳತೆ ಎಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆದ ಅಳತೆ. ಇಳಿಜಾರಾದರೆ ಮೇಲ್ಬದಿಯ ನೆಲದಿಂದ. 220 ಸೆಂ.ಮೀ. ಬಂದರೆ 3.14ರಿಂದ ಭಾಗಿಸಿ, ವ್ಯಾಸ ಸುಮಾರು 70. ಪುಸ್ತಕದಲ್ಲಿ ಇಷ್ಟೇ. ನಮ್ಮಲ್ಲಿ ಮಾವಿನ ಮರಕ್ಕೆ ಕಾಳುಮೆಣಸಿನ ಬಳ್ಳಿ ದಟ್ಟವಾಗಿ ಹಬ್ಬಿರುತ್ತದೆ. ಬಳ್ಳಿಯ ಮೇಲಿಂದ ಸುತ್ತಿದರೆ ಸುಳ್ಳು ಅಳತೆ. ಬಳ್ಳಿಯ ಬೇರು ಕಿತ್ತುಬಾರದಂತೆ ಒಂದು ಕೈಯಲ್ಲಿ ಅದನ್ನು ತುಸು ಎತ್ತಿ, ಇನ್ನೊಂದರಲ್ಲಿ ಅಡಿಯಿಂದ ಟೇಪು ತೂರಿಸಬೇಕು. ಅಷ್ಟರಲ್ಲಿ ಇರುವೆ ಮೊಣಕೈಗೆ ಬಂದಿರುತ್ತದೆ. ಹಲಸು ಮೂರಡಿಗೇ ಕವಲೊಡೆದಿದ್ದರೆ ಎರಡೂ ಕಾಂಡ ಬೇರೆ ಬೇರೆ ಅಳೆಯಬೇಕು. ಗೋಳಿ ಇನ್ನೊಂದು ಮರವನ್ನು ಅಪ್ಪಿ ಬೆಳೆದಿದ್ದರೆ ಅದು ಒಂದು ಮರವೋ ಎರಡೋ? ಇದಕ್ಕೆಲ್ಲ ಜಾಗ ಕೊಡದ ಆ್ಯಪ್, ನೋಡಲು ಎಷ್ಟೇ ಚಂದವಿದ್ದರೂ, ತೋಟದೊಳಗೆ ನಡೆಯುವುದಿಲ್ಲ.

ಶಿಶಿಲ, ಶಿಬಾಜೆ ಕಡೆ ಹೋದರೆ ನೆಟ್‌ವರ್ಕ್ ನಂಬುವಂತಿಲ್ಲ. ಎಲ್ಲವೂ ಫೋನಿನಲ್ಲೇ ಉಳಿದು, ಪೇಟೆಗೆ ಬಂದ ಮೇಲೆ ಅಪ್‌ಲೋಡ್ ಆಗಬೇಕು. ದಟ್ಟ ಎಲೆಗಳ ಕೆಳಗೆ ಜಿಪಿಎಸ್ ಎಷ್ಟೋ ಮೀಟರ್ ತಪ್ಪು ತೋರಿಸುತ್ತದೆ. ಪಕ್ಕಪಕ್ಕದ ಎರಡು ಮರಗಳು ನಕ್ಷೆಯಲ್ಲಿ ಅದಲುಬದಲಾಗುತ್ತವೆ. ಮರಕ್ಕೊಂದು ನಂಬರಿನ ಬಿಲ್ಲೆ, ಜತೆಗೊಂದು ಫೋಟೋ ಇದ್ದರೆ ಗೊಂದಲವಿಲ್ಲ. ಕನ್ನಡದಲ್ಲಿ ಹಾಲೆ, ತುಳುವಿನಲ್ಲಿ ಪಾಲೆ. ಯಾವುದನ್ನು ಟೈಪ್ ಮಾಡಿದರೂ ಅದೇ ಮರ ಬರಬೇಕು. ಒದ್ದೆ ಬೆರಳಿಗೂ ಸಿಗುವಷ್ಟು ದೊಡ್ಡ ಬಟನ್‌ಗಳಿರಲಿ. ಆಟಿಯ ಮಳೆಯಲ್ಲೇ ಅಲ್ಲವೇ ಕೊಂಬೆ ಮುರಿಯುವುದು!

ಪೂರ್ತಿ ಹೊಸದಾಗಿ ಕಟ್ಟುವ ಮೊದಲು ಕ್ಯೂಫೀಲ್ಡ್ ಅಥವಾ ಒಡಿಕೆ ಕಲೆಕ್ಟ್ ಎಂಬ ಮಾಹಿತಿ ಸಂಗ್ರಹದ ಆ್ಯಪ್ ಬಳಸಿ ಒಂದು ಮಳೆಗಾಲ ಕೆಲಸ ಮಾಡಿ. ಎರಡೂ ಉಚಿತ, ಎರಡೂ ನೆಟ್ ಇಲ್ಲದೆ ನಡೆಯುತ್ತವೆ. ಅಮೆರಿಕದ ಅರಣ್ಯ ಇಲಾಖೆಯ ಮರಗಣತಿ ತಂತ್ರಾಂಶ ಐ-ಟ್ರೀ ಕೂಡ 2006ರಿಂದ ಉಚಿತವಾಗಿಯೇ ಇದೆ. ಇಷ್ಟೆಲ್ಲ ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಇವು ಕೊಡದ ಒಂದನ್ನು ನೀವು ಕೊಟ್ಟರೆ ಕೊಳ್ಳುತ್ತಾರೆ: ಮನೆಯವರ ಕೈಗಿಡಬಹುದಾದ, ಕನ್ನಡದ ಒಂದು ಪುಟದ ವರದಿ. ಯಾವ ಮರ, ಎಷ್ಟು ದಪ್ಪ, ಎಲ್ಲಿ ಪೊಟರೆ, ಯಾವ ಕೊಂಬೆ ತಂತಿಯ ಮೇಲೆ ಬಾಗಿದೆ, ಮುಂದೆ ಯಾವಾಗ ನೋಡಬೇಕು.

ಈಗ ಬೆಲೆ. ಮರಕ್ಕೆ ಇಷ್ಟು ರೂಪಾಯಿ ಎಂದು ಇಡಲೇಬೇಡಿ. ಹಾಗಿಟ್ಟರೆ ಬಳಸುವವನು ದೊಡ್ಡ ಮರ ಬರೆದು ಸಣ್ಣದನ್ನು ಬಿಡುತ್ತಾನೆ. ಅಲ್ಲಿಗೆ ಗಣತಿಯೇ ಸತ್ತಿತು. ವರ್ಷಕ್ಕೊಂದು ಚಂದಾ ಇರಲಿ, ಮರ ಎಷ್ಟಾದರೂ ಆಗಲಿ. ನನ್ನ ಅಳತೆಗೋಲು ಇದು: ಒಂದು ದೊಡ್ಡ ಮರ ಸವರಿದ ಕೂಲಿಗಿಂತ ವರ್ಷದ ಚಂದಾ ಹೆಚ್ಚಾಗಬಾರದು. ಗೂಗಲ್ ಪ್ಲೇ ಮೂಲಕ ಚಂದಾ ವಸೂಲು ಮಾಡಿದರೆ ಶೇ. 15 ಅವರಿಗೆ ಹೋಗುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿಯೂ ಸೇರುತ್ತದೆ. ಲೆಕ್ಕ ಹಾಕುವಾಗ ಇದನ್ನು ಮೊದಲೇ ಕಳೆಯಿರಿ. ಶಾಲೆ, ದೇವಸ್ಥಾನ, ಪಂಚಾಯಿತಿಗೆ ಉಚಿತ ಕೊಡಿ. ಚಂದಾ ನಿಲ್ಲಿಸಿದವರಿಗೂ ಅವರ ಮಾಹಿತಿ ಪೂರ್ತಿ ವಾಪಸ್ ಸಿಗಬೇಕು. ಈ ಮಾತಿನಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ.

ಯಾಕೆಂದರೆ ಗಣತಿಗೆ ಬೆಲೆ ಬರುವುದೇ ಎರಡನೇ ಸಲ ಅಳೆದಾಗ. ನ್ಯೂಯಾರ್ಕ್ ನಗರ 1995, 2005, 2015ರಲ್ಲಿ ಬೀದಿಮರಗಳನ್ನು ಎಣಿಸಿತು. ಮೂರನೇ ಸಲ ಆರೂವರೆ ಲಕ್ಷ ದಾಟಿದ ಲೆಕ್ಕಕ್ಕೆ ಟೇಪು ಹಿಡಿದವರಲ್ಲಿ ಸಾವಿರಾರು ಮಂದಿ ಸ್ವಯಂಸೇವಕರು. ನಮ್ಮ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಮರಗಣತಿ ವೃಕ್ಷ ಪ್ರಾಧಿಕಾರದ ಕರ್ತವ್ಯವೆಂದು ಅದರಲ್ಲೇ ಇದೆ. ಆದರೂ ಬೆಂಗಳೂರಿನ ಮರಗಣತಿಯ ಮಾತು ಹೈಕೋರ್ಟಿನ ತನಕ ಹೋಗಬೇಕಾಯಿತು. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯಂಥ ಸಣ್ಣ ಪೇಟೆಗಳು ಅಷ್ಟು ಕಾಯಬೇಕಾಗಿಲ್ಲ. ಮರ ಸವರುವ ನಾಲ್ಕು ಜನ, ಒಂದು ಕಾಲೇಜಿನ ಸಸ್ಯಶಾಸ್ತ್ರದ ಮಕ್ಕಳು, ಒಂದು ಒಳ್ಳೆಯ ಆ್ಯಪ್ ಸೇರಿದರೆ ಒಂದು ಬೇಸಿಗೆಯಲ್ಲಿ ಪೇಟೆಯ ರಸ್ತೆ ಬದಿಯ ಮರಗಳನ್ನು ಮುಗಿಸಬಹುದು.

ಆ್ಯಪ್ ಬರುವ ತನಕ ನೀವೂ ಸುಮ್ಮನಿರಬೇಡಿ. ಈ ಭಾನುವಾರ ಅಂಗಳದ ಅತಿ ದೊಡ್ಡ ಮರಕ್ಕೆ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ, ಹೆಸರು, ಅಳತೆ, ತಾರೀಖು ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.